ಎಪ್ಪತ್ತೆರಡು ಗಂಟೆಗಳ ಗಡಿಯಾರ

ಹೆಸರಿನಲ್ಲಿ ಬೆಣ್ಣೆ, ತುಪ್ಪಗಳಿದ್ದ ಮಾತ್ರಕ್ಕೆ ಹಳ್ಳದ ಸ್ವಭಾವವೂ ಮೃದುವಾಗಿರಬೇಕೆಂದಿಲ್ಲ. ಶಿಗ್ಗಾವಿಯ ಸೀಮೆಯಲ್ಲಿ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲ್ಲೂಕುಗಳ ಎರೆಹೊಲಗಳನ್ನು ಹಾದು ಮಲಪ್ರಭೆಯನ್ನು ಸೇರುವ ಬೆಣ್ಣೆಹಳ್ಳವೂ, ಅದಕ್ಕೆ ಬಂದು ಕೂಡುವ ತುಪ್ಪರಿಹಳ್ಳವೂ ವರ್ಷದ ಬಹುಭಾಗ ಬಡಕಲಾಗಿಯೇ ಇರುತ್ತವೆ. ಬೇಸಗೆಯಲ್ಲಿ ನೋಡಿದವರು ಇವನ್ನು ಹಳ್ಳವೆನ್ನಲೂ ಹಿಂಜರಿದಾರು. ಆದರೆ ಮೇಲಿನ ಸೀಮೆಯಲ್ಲಿ ಎರಡು ದಿನ ಬಿಡದೆ ಮಳೆ ಹಿಡಿಯಿತೆಂದರೆ ಇವೇ ಹಳ್ಳಗಳು ದಂಡೆಯೆಂಬುದನ್ನು ಮರೆತು ಹೊಲಗಳ ಮೇಲೆ ಹಾಸಿಕೊಂಡು ಮಲಗುತ್ತವೆ. 2019ರ ಆಗಸ್ಟಿನಲ್ಲಿ ಉತ್ತರ ಕರ್ನಾಟಕಕ್ಕೆಲ್ಲ ಮಹಾಪೂರ ಬಂದಾಗ ಇಲ್ಲಿಯ ಹೊಲಗಳೂ ನೀರೊಳಗೆ ನಿಂತಿದ್ದವು.

ಆಗಸ್ಟ್ ತಿಂಗಳೆಂದರೆ ಈ ಎರೆಸೀಮೆಯಲ್ಲಿ ಮುಂಗಾರಿ ಹೆಸರು ಒಕ್ಕಲಿಗೆ ಬರುವ ಕಾಲ. ಜೂನಿನಲ್ಲಿ ಬಿತ್ತಿದ ಕಾಳು ಬಲಿತು, ಕಾಯಿ ಕಪ್ಪಾಗಿ, ಬಿಡಿಸಲು ಆಳು ಗೊತ್ತುಮಾಡುವ ಹೊತ್ತಿಗೆ ಹಳ್ಳ ಬಂದರೆ ಕಾಯಿಯಲ್ಲೇ ಮೊಳಕೆಯೊಡೆಯುತ್ತದೆ. ಅಂಥ ಹೊಲದ ಒಡೆಯನಾದ ಒಬ್ಬ ರೈತನನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಅವನು ದಂಡೆಯ ಯಾವ ಊರಿನವನಾದರೂ ಆಗಬಹುದು. ಅವನು ಬೆಳೆವಿಮೆಯ ಕಂತು ಕಟ್ಟಿದ್ದಾನೆ, ಆದ್ದರಿಂದ ನಿಶ್ಚಿಂತನಾಗಿರಬೇಕು. ಆದರೆ ಹಳ್ಳದ ನೀರು ಅವನ ಬದುವನ್ನು ದಾಟಿದ ಗಳಿಗೆಯಲ್ಲೇ ಎಲ್ಲಿಯೋ ಒಂದು ಗಡಿಯಾರ ತಿರುಗಲಾರಂಭಿಸಿತೆಂಬುದು ಅವನಿಗೆ ತಿಳಿದಿರಬೇಕು. ಆ ಗಡಿಯಾರಕ್ಕೆ ಇರುವುದು ಎಪ್ಪತ್ತೆರಡು ಗಂಟೆಗಳು ಮಾತ್ರ.

2016ರ ಮುಂಗಾರಿನಿಂದ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಲೆಕ್ಕ ಮೇಲುನೋಟಕ್ಕೆ ಸರಳವಾದುದೇ. ಆಹಾರಧಾನ್ಯ ಮತ್ತು ಎಣ್ಣೆಕಾಳುಗಳಿಗೆ ಮುಂಗಾರಿನಲ್ಲಿ ವಿಮಾ ಮೊತ್ತದ ಹೆಚ್ಚೆಂದರೆ ಶೇಕಡಾ 2, ಹಿಂಗಾರಿನಲ್ಲಿ ಶೇಕಡಾ 1.5, ವಾಣಿಜ್ಯ ಹಾಗೂ ತೋಟಗಾರಿಕೆಯ ಬೆಳೆಗಳಿಗೆ ಶೇಕಡಾ 5, ಇಷ್ಟನ್ನು ರೈತನು ತೆರುತ್ತಾನೆ. ಉಳಿದ ಕಂತನ್ನು ಕೇಂದ್ರ ಮತ್ತು ರಾಜ್ಯ ಸರಕಾರಗಳು ತುಂಬುತ್ತವೆ. ಸೀಮೆಗೆಲ್ಲ ಬರ ಬಿದ್ದರೆ ಬೆಳೆ ಕಟಾವು ಪ್ರಯೋಗಗಳನ್ನು ಮಾಡಿ, ಗ್ರಾಮ ಪಂಚಾಯಿತಿಯ ಅಥವಾ ಹೋಬಳಿಯ ಸರಾಸರಿ ಇಳುವರಿಯ ಮೇಲೆ ಪರಿಹಾರವನ್ನು ನಿಶ್ಚಯಿಸುತ್ತಾರೆ. ಅದಕ್ಕೆ ರೈತನು ಅರ್ಜಿ ಹಿಡಿದು ಅಲೆಯಬೇಕಾಗಿಲ್ಲ. ಆದರೆ ಕೆಲವರ ಹೊಲಕ್ಕೆ ಮಾತ್ರ ನುಗ್ಗಿದ ನೀರು, ಒಂದು ಪಟ್ಟಿಯಲ್ಲಿ ಮಾತ್ರ ಸುರಿದ ಆಲಿಕಲ್ಲು ಇವುಗಳ ಮಾತು ಬೇರೆ. ಅಲ್ಲಿ ನಷ್ಟ ಅವನವನದೇ, ಲೆಕ್ಕವೂ ಅವನವನದೇ. ಆದ್ದರಿಂದ ನಷ್ಟವಾದ ಎಪ್ಪತ್ತೆರಡು ಗಂಟೆಗಳೊಳಗೆ ಸುದ್ದಿ ಮುಟ್ಟಿಸಬೇಕೆಂಬುದು ನಿಯಮ.

ನಿಯಮವನ್ನು ಬರೆದವರು ಅನ್ಯಾಯ ಮಾಡಬೇಕೆಂದು ಬರೆದಿರಲಾರರು. ನೀರು ಇಳಿದು ಕುರುಹು ಅಳಿಯುವ ಮುನ್ನ ನೋಡಬೇಕೆಂಬುದು ನ್ಯಾಯವೇ. ಮೂರು ದಿನವೆಂದರೆ ಬೇಕಾದಷ್ಟಾಯಿತೆಂದು ಯಾರಿಗಾದರೂ ತೋರುತ್ತದೆ. ಆದರೆ ಆ ಮೂರು ದಿನಗಳು ಎಂಥವು?

ಮೊದಲನೆಯ ರಾತ್ರಿ ವಿದ್ಯುತ್ ಕಂಬಗಳು ಉರುಳಿ ಊರು ಕತ್ತಲಾಗುತ್ತದೆ. ಕೈಯಲ್ಲಿಯ ಮೊಬೈಲಿಗೆ ಉಣಿಸಲು ಕರೆಂಟಿಲ್ಲ. ಇನ್ನೊಬ್ಬರ ಟ್ರ್ಯಾಕ್ಟರಿನ ಬ್ಯಾಟರಿಯಿಂದ ಹೇಗೋ ಜೀವ ತುಂಬಿಸಿಕೊಂಡರೆ, ಅತ್ತ ಟವರಿನ ಬ್ಯಾಟರಿಯೂ ಮುಗಿದು ಅದು ಮೂಕವಾಗಿರುತ್ತದೆ. ಎರಡನೆಯ ದಿನ ಮಳೆ ತುಸು ಹೊಳವಾಗುತ್ತದೆ. ಹೊಲಕ್ಕೆ ಹೋಗಿ ಹಾಳಾದ ಬೆಳೆಯ ಫೋಟೋ ತೆಗೆಯಬೇಕಲ್ಲ! ಎರೆಮಣ್ಣಿನ ಗುಣವನ್ನು ಬಲ್ಲವರಿಗೆ ಹೇಳಬೇಕಾದುದೇನೂ ಇಲ್ಲ. ಒಂದು ಹೆಜ್ಜೆಗೆ ಒಂದು ಸೇರು ಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತದೆ. ಹತ್ತು ಹೆಜ್ಜೆಗೆ ಮನುಷ್ಯ ನಿಲ್ಲುತ್ತಾನೆ. ಹೊಲದ ನಡುವೆ ಹೋದ ಎತ್ತನ್ನು ಹೊರಗೆ ತರಲು ಊರೇ ಕೂಡಬೇಕು. ಫೋಟೋ ಹೊಲದಲ್ಲಿ ನಿಂತೇ ತೆಗೆದುದಾಗಿರಬೇಕೆಂದು ಮೊಬೈಲಿನ ಆ್ಯಪು ಹಟ ಹಿಡಿಯುತ್ತದೆ. ಅದಕ್ಕೆ ಅಕ್ಷಾಂಶ ರೇಖಾಂಶಗಳು ಗೊತ್ತು, ಎರೆಮಣ್ಣು ಗೊತ್ತಿಲ್ಲ.

ಮೂರನೆಯ ದಿನ ಅವನು ತಾಲ್ಲೂಕಿನ ಊರಿಗೆ ಹೋಗಿ ಬರಹದಲ್ಲಿಯೇ ತಿಳಿಸಿಬಿಡೋಣವೆಂದು ಬಸ್ಸಿಗೆ ಹೊರಡುತ್ತಾನೆ. ಅಣ್ಣಿಗೇರಿಗೂ ಕುಂದಗೋಳಕ್ಕೂ ರೈಲಿನ ಭಾಗ್ಯವಿದೆ. ನವಲಗುಂದ, ಕಲಘಟಗಿಗಳಿಗೆ ಅದಿಲ್ಲ. ಸಂಗ್ರೂರಿನಿಂದ ಅಂಕೋಲೆಯವರೆಗೆ ಹೋಗುವ 52ನೆಯ ರಾಷ್ಟ್ರೀಯ ಹೆದ್ದಾರಿಯು ಈ ಎರಡೂ ಊರುಗಳನ್ನು ಮುಟ್ಟಿ ಹೋಗುತ್ತದೆಂಬುದು ನಿಜ. ಆದರೆ ಹಳ್ಳಿಯಿಂದ ಆ ಹೆದ್ದಾರಿಯವರೆಗಿನ ಮೂರೋ ನಾಲ್ಕೋ ಮೈಲಿಯ ನಡುವೆಯೇ ಹಳ್ಳ ಮಲಗಿರುತ್ತದೆ. ಅರ್ಧ ದಾರಿಯಲ್ಲಿ ಬಸ್ಸು ನಿಲ್ಲುತ್ತದೆ.

“ಹಳ್ಳ ಬಂದೈತ್ರೀ ಯಜಮಾನ್ರ, ಗಾಡಿ ಮುಂದ ಹೋಗಂಗಿಲ್ಲ. ನೀರು ಇಳೀಲಿ, ಹೋಗೋಣಂತ,” ಎನ್ನುತ್ತಾನೆ ಕಂಡಕ್ಟರ.

“ನೀರು ಇಳೀತೈತಿ ಖರೆ. ನನ್ನ ಮೂರ ದಿನ ತಿರುಗಿ ಬರತಾವೇನ್ರೀ ತಮ್ಮಾ?” ಎಂದು ರೈತ ಕೇಳುತ್ತಾನೆ.

ಕಂಡಕ್ಟರನಲ್ಲಿ ಇದಕ್ಕೆ ಉತ್ತರವಿಲ್ಲ. ಆದರೂ ಆ ಕಂಡಕ್ಟರನಿಂದ ಒಂದು ಉಪಕಾರವಾಗುತ್ತದೆ. ಅವನು ಕಣ್ಣೆದುರಿಗೆ ನಿಂತಿದ್ದಾನೆ. ಬಸ್ಸು ತಡವಾದರೆ, ತುಂಬಿ ತುಳುಕಿದರೆ, ಕೈ ಮಾಡಿದಲ್ಲಿ ನಿಲ್ಲದೆ ಹೋದರೆ ಬೈಸಿಕೊಳ್ಳಲು ಒಬ್ಬ ಮನುಷ್ಯನಿದ್ದಾನೆ. ಅವನು ಬೈಸಿಕೊಳ್ಳುತ್ತಾನೆ, ತಿರುಗಿ ಎರಡು ಮಾತು ಆಡುತ್ತಾನೆ, ಕಡೆಗೆ ಮುದುಕಿಯ ಗಂಟನ್ನು ತಾನೇ ಇಳಿಸಿಕೊಡುತ್ತಾನೆ. ಬಸ್ಸಿನ ತೊಂದರೆಯನ್ನು ಜನರು ಇಷ್ಟು ವರ್ಷ ಸಹಿಸಿಕೊಂಡು ಬಂದಿರುವ ಗುಟ್ಟು ಇದೇ ಇರಬೇಕು.

ವಿಮೆಯ ವ್ಯವಹಾರದಲ್ಲಿ ಅಂಥ ಮನುಷ್ಯನು ಸಿಕ್ಕುವುದು ದುರ್ಲಭ. ಸಹಾಯವಾಣಿಗೆ ಕರೆ ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಒಂದು ಸುಶ್ರಾವ್ಯ ಕಂಠ ಹೇಳುತ್ತದೆ. ಒತ್ತಿದ ಮೇಲೆ ಸಂಗೀತ ಕೇಳಿಸುತ್ತದೆ. ಸವಾಯಿ ಗಂಧರ್ವರ ಕುಂದಗೋಳದ ಜನಕ್ಕೆ ಸಂಗೀತದಲ್ಲಿ ಅಭಿರುಚಿ ಕಡಿಮೆಯೆಂದು ಯಾರೂ ಹೇಳಲಾರರು. ಆದರೆ ಬೆಳೆ ಕೊಳೆಯುತ್ತಿರುವಾಗ ಅದೇ ನಾಲ್ಕು ಸ್ವರಗಳನ್ನು ಕಾಲು ಗಂಟೆ ಕೇಳುವ ತಾಳ್ಮೆ ಅವರಿಗೂ ಇರಲಾರದು. ಬ್ಯಾಂಕಿಗೆ ಹೋದರೆ ಕಂಪನಿಯವರನ್ನು ಕೇಳಿ ಎನ್ನುತ್ತಾರೆ. ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ‘ಸರ್ವರ್ ಇಲ್ಲ’ ಎನ್ನುತ್ತಾರೆ. ಕಂಪನಿಯ ಪ್ರತಿನಿಧಿ ಬೇರೆ ತಾಲ್ಲೂಕಿನಲ್ಲಿದ್ದಾನೆ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಎಂಬ ಗಾದೆಯಲ್ಲಿ ಈರಭದ್ರನಿಗೆ ಮುಖವಾದರೂ ಇತ್ತು. ಈಗಿನ ಈರಭದ್ರನಿಗೆ ಅದೂ ಇಲ್ಲ.

ಹಿಂದೆ ಎಲ್ಲವೂ ಚೆನ್ನಾಗಿತ್ತೆಂದು ಇದರ ಅರ್ಥವಲ್ಲ. ಹುಬ್ಬಳ್ಳಿ, ಗದಗುಗಳ ಸೀಮೆಗೆ 1880ರ ದಶಕದಲ್ಲಿ ರೈಲು ತಂದುದೂ ಒಂದು ಕಂಪನಿಯೇ, ಸದರ್ನ್ ಮರಾಠಾ ರೈಲ್ವೆ ಕಂಪನಿ. ಅದರ ನಿರ್ದೇಶಕರು ಕುಳಿತಿದ್ದುದು ಲಂಡನ್ನಿನಲ್ಲಿ. ಹತ್ತಿ ಬೆಳೆದವನ ಹಿತಕ್ಕಿಂತ ಹತ್ತಿ ಕೊಂಡವನ ಲಾಭವೇ ಅವರಿಗೆ ಮುಖ್ಯವಾಗಿದ್ದಿರಬೇಕು. ಆದರೆ ಅಷ್ಟು ದೂರದ ಕಂಪನಿಗೂ ಪ್ರತಿಯೊಂದು ಸ್ಟೇಷನ್ನಿನಲ್ಲಿ ಒಬ್ಬ ಮಾಸ್ತರನನ್ನು ನಿಲ್ಲಿಸದೆ ಗತಿಯಿರಲಿಲ್ಲ. ಗಾಡಿ ಏಕೆ ತಡವಾಯಿತೆಂದು ಅವನನ್ನು ಕೇಳಬಹುದಾಗಿತ್ತು. ಇಂದು ಕಂಪನಿಗಳು ಇದೇ ದೇಶದಲ್ಲಿವೆ. ಆದರೆ ಕೇಳುವವನಿಗೂ ಉತ್ತರ ಕೊಡುವವನಿಗೂ ನಡುವೆ ಇರುವ ದೂರ ಲಂಡನ್ನಿಗಿಂತ ಹೆಚ್ಚಾಗಿದೆ.

ಮುಖ್ಯವಾದ ಮಾತು ಇನ್ನೊಂದಿದೆ. ಗಡಿಯಾರ ರೈತನಿಗೊಬ್ಬನಿಗೇ ಅಲ್ಲ. 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಕಂಪನಿಗೂ ಅವಧಿಗಳನ್ನು ಹಾಕಲಾಗಿದೆ. ಸುದ್ದಿ ಮುಟ್ಟಿದ 48 ಗಂಟೆಗಳೊಳಗೆ ನಷ್ಟ ಅಳೆಯುವವನನ್ನು ನೇಮಿಸಬೇಕು. ಮುಂದಿನ 10 ದಿನಗಳಲ್ಲಿ ಅಳತೆ ಮುಗಿಯಬೇಕು. ಪರಿಹಾರ ಕೊಡುವಲ್ಲಿ ಕಂಪನಿ ಮಿತಿಮೀರಿ ತಡಮಾಡಿದರೆ ಶೇಕಡಾ 12ರ ಬಡ್ಡಿಯನ್ನು ಸೇರಿಸಿ ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ರೈತನಿಗೆ ವಿಮೆ ತಪ್ಪಿಹೋದರೆ ಆ ಹೊಣೆ ಬ್ಯಾಂಕಿನದೆಂದೂ ಹೇಳಿದೆ. ಕಾಗದದ ಮೇಲೆ ಎರಡು ಗಡಿಯಾರಗಳೂ ಸರಿಯಾಗಿಯೇ ಇವೆ. ಆದರೆ ರೈತನ ಗಡಿಯಾರ ನಿಂತಾಗ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ, ಯಾರೂ ಮುಚ್ಚಬೇಕಾಗಿಲ್ಲ. ಕಂಪನಿಯ ಗಡಿಯಾರ ನಿಂತಾಗ ಏನೂ ಆಗುವುದಿಲ್ಲ. ಅದು ನಿಂತಿದೆಯೆಂದು ಹೇಳಲು ಅದೇ ರೈತನು ಮತ್ತೆ ಬಸ್ಸು ಹತ್ತಿ ಬರಬೇಕು. ಒಬ್ಬನ ತಡಕ್ಕೆ ಶಿಕ್ಷೆ ತಾನಾಗಿ ಬರುತ್ತದೆ, ಇನ್ನೊಬ್ಬನ ತಡಕ್ಕೆ ಬೇಡಿದ ಮೇಲೆ ಬರುತ್ತದೆ. ಅನ್ಯಾಯವೆಲ್ಲ ಈ ಒಂದು ವ್ಯತ್ಯಾಸದಲ್ಲಿ ಅಡಗಿದೆ.

ಲೆಕ್ಕ ಒಂದೇ ಕಡೆಗೆ ಓಡುವುದರ ಫಲವೇನೆಂಬುದು ನವಲಗುಂದಕ್ಕೆ ಹೊಸ ಪಾಠವಲ್ಲ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ಕಾಲುವೆ ತೆಗೆದಾಗ, ನೀರಾವರಿಯಿಂದ ಭೂಮಿಯ ಬೆಲೆ ಹೆಚ್ಚಿತೆಂದು ಸರಕಾರ ಬೆಟರ್‌ಮೆಂಟ್ ಲೆವಿಯನ್ನು ಹಾಕಿತು. ಅನೇಕರ ಹೊಲಗಳಿಗೆ ನೀರು ಸರಿಯಾಗಿ ಮುಟ್ಟಿರಲಿಲ್ಲ. ನೋಟೀಸು ಮಾತ್ರ ತಪ್ಪದೆ ಮುಟ್ಟಿತು. ಅರ್ಜಿಗಳಿಗೆ ಉತ್ತರ ಬರಲಿಲ್ಲವೆಂದು ರೈತರು ಬೀದಿಗಿಳಿದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲೀಬಾರು ನಡೆದು ರೈತರು ಪ್ರಾಣ ಕಳೆದುಕೊಂಡರು. ಇಂದಿಗೂ ಆ ದಿನವನ್ನು ರೈತ ಹುತಾತ್ಮ ದಿನವೆಂದು ಆಚರಿಸುತ್ತಾರೆ. ಉತ್ತರ ಕೊಡಬೇಕಾದವರು ಮೌನವಾಗಿದ್ದಾಗ ಪ್ರಶ್ನೆಗಳು ಎಲ್ಲಿಗೆ ಹೋಗಿ ಮುಟ್ಟುತ್ತವೆಂಬುದಕ್ಕೆ ಅದು ಸಾಕ್ಷಿ.

ಯಂತ್ರವನ್ನು ಹಳಿದು ಪ್ರಯೋಜನವಿಲ್ಲ. 2024ರ ಮುಂಗಾರಿನಿಂದ ಕಂಪನಿಯು ಪರಿಹಾರ ಕೊಡಲು ತಡಮಾಡಿದರೆ ಶೇಕಡಾ 12ರ ದಂಡವನ್ನು ಕಂಪ್ಯೂಟರು ತಾನಾಗಿಯೇ ಲೆಕ್ಕಹಾಕುವ ಏರ್ಪಾಡು ಮಾಡಿದ್ದಾರೆ. ಎಂದರೆ, ರೈತನ ಗಂಟೆಗಳನ್ನು ಎಣಿಸಬಲ್ಲ ಯಂತ್ರ ಕಂಪನಿಯ ದಿನಗಳನ್ನೂ ಎಣಿಸಬಲ್ಲದು. ಇಷ್ಟು ದಿನ ಅದಕ್ಕೆ ಹಾಗೆ ಎಣಿಸೆಂದು ಯಾರೂ ಹೇಳಿರಲಿಲ್ಲ, ಅಷ್ಟೆ. ಇನ್ನು ಉಳಿದಿರುವ ಕೆಲಸ ದೊಡ್ಡದಲ್ಲ. ಟವರು ಸತ್ತು, ರಸ್ತೆ ಮುಳುಗಿದ ದಿನಗಳನ್ನು ಎಪ್ಪತ್ತೆರಡು ಗಂಟೆಗಳಿಂದ ಬಿಟ್ಟು ಎಣಿಸಬೇಕು. ವಿಮೆಯ ಹಣ ಪಡೆಯುವ ಕಂಪನಿ ಮಳೆಗಾಲದಲ್ಲಾದರೂ ಪ್ರತಿ ಹೋಬಳಿಯಲ್ಲಿ ಒಂದು ಮೇಜು, ಒಂದು ಕುರ್ಚಿ, ಹೆಸರು ಹೇಳಬಲ್ಲ ಒಬ್ಬ ಮನುಷ್ಯನನ್ನು ಇಡಬೇಕು.

ಅಲ್ಲಿಯವರೆಗೆ ರೈತನು ನೆಚ್ಚಬೇಕಾದುದು ಬರಹವನ್ನು. ಸುದ್ದಿಯನ್ನು ಆ್ಯಪಿನಲ್ಲಿಯೇ ತಿಳಿಸಬೇಕೆಂದಿಲ್ಲ. 14447ಕ್ಕೆ ಕರೆ ಮಾಡಬಹುದು, ಬ್ಯಾಂಕಿಗೋ ಕೃಷಿ ಇಲಾಖೆಗೋ ಬರೆದುಕೊಡಬಹುದು. ಬರೆದುಕೊಟ್ಟು, ತಾರೀಖು ಹಾಕಿಸಿ, ಮುದ್ರೆ ಒತ್ತಿಸಿಕೊಂಡು ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಬೇಕು. ಕಂಪನಿ ಕಿವಿಗೊಡದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ತಾನು ವಾಸಿಸುವ ಜಿಲ್ಲೆಯಲ್ಲೇ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಅವಧಿ 2 ವರ್ಷ. ಅಲ್ಲಿಯ ಗಡಿಯಾರ ತುಸು ಉದಾರವಾದುದು. ಅಲ್ಲಿ ಮುದ್ರೆ ಬಿದ್ದ ಆ ಹಾಳೆ ವಕೀಲನಿಗಿಂತ ಹೆಚ್ಚು ಮಾತಾಡುತ್ತದೆ.

ನಾಲ್ಕನೆಯ ದಿನ ಹಳ್ಳ ಇಳಿಯುತ್ತದೆ, ಬಸ್ಸು ಹೊರಡುತ್ತದೆ, ಟವರಿಗೆ ಜೀವ ಬರುತ್ತದೆ. ರೈತನ ಮೊಬೈಲು ಕಿಣಿಗುಟ್ಟಿ ಒಂದು ಸಂದೇಶವನ್ನು ತೋರಿಸುತ್ತದೆ: ಮುಂದಿನ ಎರಡು ದಿನ ಭಾರೀ ಮಳೆಯ ಸಂಭವವಿದ್ದು, ರೈತರು ಎಚ್ಚರದಿಂದಿರಬೇಕು. ಅದು ಮೂರು ದಿನಗಳ ಹಿಂದೆ ಕಳಿಸಿದ ಸಂದೇಶ. ಯಂತ್ರಕ್ಕೆ ತಡವಾದರೆ ಯಾರೂ ಬಾಗಿಲು ಮುಚ್ಚುವುದಿಲ್ಲ.