ಓದಿದವರ ಮಾತಿಗೂ ಗ್ರಂಥಾಲಯದಲ್ಲಿ ಜಾಗವಿರಲಿ



ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಆ ಕಥೆಗಳು 1990ರಿಂದ 2023ರ ನಡುವೆ ಕನ್ನಡದಲ್ಲೇ ಪ್ರಕಟವಾಗಿದ್ದವು. ಅವನ್ನು ಹುಡುಕಿ ಓದಲು ನಮ್ಮಲ್ಲಿ ಹಲವರಿಗೆ ಲಂಡನ್ನಿನ ಪ್ರಶಸ್ತಿಯೇ ಬೇಕಾಯಿತು. ‘ಇದನ್ನೊಮ್ಮೆ ಓದಿ ನೋಡಿ’ ಎನ್ನುವ ದನಿ ನಮ್ಮ ನಡುವೆ ಅಷ್ಟು ಕ್ಷೀಣವಾಗಿದೆ. ಸಾರ್ವಜನಿಕ ಗ್ರಂಥಾಲಯದ ಪುಸ್ತಕಕ್ಕೆ ಅಂಟಿಸಿರುವ ಚೀಟಿಯನ್ನೇ ನೋಡಿ: ಹಿಂದಿರುಗಿಸಬೇಕಾದ ದಿನಾಂಕಗಳ ಮುದ್ರೆ ಸಾಲುಸಾಲಾಗಿ ಇರುತ್ತದೆ, ಓದಿದವರಿಗೆ ಏನನ್ನಿಸಿತೆಂಬ ಒಂದು ಮಾತೂ ಇರುವುದಿಲ್ಲ.

ಫೇಸ್‌ಬುಕ್, ವಾಟ್ಸ್‌ಆ್ಯಪ್ ಇರುವಾಗ ಗ್ರಂಥಾಲಯದಲ್ಲಿ ಓದುಗರ ಮಾತೇಕೆ ಎನ್ನಬಹುದು. ಅಲ್ಲಿನ ಮೆಚ್ಚುಗೆ ಪರಿಚಿತರ ನಡುವೆಯೇ ಸುತ್ತಿ ಮರುದಿನ ಮರೆಯಾಗುತ್ತದೆ. ಕಪಾಟಿನ ಮುಂದೆ ಯಾವುದನ್ನು ಎತ್ತಿಕೊಳ್ಳಲೆಂದು ನಿಂತ ಪಿಯುಸಿ ವಿದ್ಯಾರ್ಥಿಯನ್ನು ಅದು ತಲುಪದು. ರುಚಿ ಒಬ್ಬೊಬ್ಬರದು ಒಂದೊಂದು, ನಿಜ. ಆದ್ದರಿಂದಲೇ ‘ಕರ್ವಾಲೊ’ ಕಾದಂಬರಿ ಮೆಚ್ಚಿದವರೂ ‘ಕುಸುಮಬಾಲೆ’ ಕಾದಂಬರಿ ಮೆಚ್ಚಿದವರೂ ಕಾರಣ ಸಹಿತ ಎರಡು ಸಾಲು ಬರೆಯಬೇಕು, ಬರೀ ಹೆಸರಿನ ಪಟ್ಟಿ ಸಾಲದು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಗ್ರಂಥಾಲಯ ಕರ ಕಟ್ಟುತ್ತಿರುವವರು ನಾಗರಿಕರೇ. ಹಾಗಾಗಿ ಪ್ರತಿ ಶಾಖೆಯಲ್ಲೂ ಓದುಗರ ಮೆಚ್ಚುಗೆಯ ಫಲಕವೊಂದನ್ನು ಗ್ರಂಥಾಲಯ ಇಲಾಖೆ ಇಡಲಿ. ತಮ್ಮ ಪತ್ರಿಕೆಯೂ ವಾರಕ್ಕೊಮ್ಮೆ ‘ಈಗ ಓದುತ್ತಿರುವ ಪುಸ್ತಕ’ಕ್ಕೆ ಒಂದಿಷ್ಟು ಜಾಗ ಕೊಡಬೇಕೆಂದು ವಿನಂತಿ.

– ಓರ್ವ ಓದುಗ, ಶಿವಮೊಗ್ಗ