ಡಿಕ್ರಿ ಕೈಗೆ ಬಂತು, ಜಾಗ ಯಾವಾಗ?

ಬೆಂಗಳೂರಿನ ಒಂದು ಜಾಗದ ವ್ಯಾಜ್ಯ. ದಾವೆ ಗೆದ್ದವರು ಡಿಕ್ರಿ ಪಡೆದು 14 ವರ್ಷ ಕಳೆದರೂ ಅದರ ಫಲ ಉಣ್ಣಲಾಗಿರಲಿಲ್ಲ. 2021ರ ಏಪ್ರಿಲ್‌ನಲ್ಲಿ ಆ ಪ್ರಕರಣ ತೀರ್ಮಾನಿಸಿದ ಸುಪ್ರೀಂ ಕೋರ್ಟ್ ದೇಶದ ಎಲ್ಲ ಕೋರ್ಟುಗಳಿಗೂ ತಾಕೀತು ಮಾಡಿತು: ಡಿಕ್ರಿ ಜಾರಿ ಮಾಡಿಸಿಕೊಡಿ ಎಂಬ ಅಮಲ್ಜಾರಿ ಅರ್ಜಿ ಬಂದ ಆರು ತಿಂಗಳೊಳಗೆ ಇತ್ಯರ್ಥವಾಗಬೇಕು, ತಡವಾದರೆ ಕಾರಣ ಬರೆದಿಡಬೇಕು. ಕರ್ನಾಟಕದ ಜಗಳದಿಂದಲೇ ಹುಟ್ಟಿದ ಈ ಆದೇಶವನ್ನು ಕರ್ನಾಟಕವೇ ಮುಂದೆ ನಿಂತು ಪಾಲಿಸಬೇಕು.

ದಾವೆಯ ಹಾದಿ ನೋಡಲು ನೇರವೇ. ವಾದಪತ್ರ, ಸಮನ್ಸ್, ಪ್ರತಿವಾದಿಯ ಲಿಖಿತ ಹೇಳಿಕೆ, ವಿವಾದಾಂಶ, ಸಾಕ್ಷ್ಯ, ಪಾಟಿ ಸವಾಲು, ವಾದ, ತೀರ್ಪು. ಲಿಖಿತ ಹೇಳಿಕೆಗೆ 30 ದಿನ, ಹೆಚ್ಚೆಂದರೆ 90. ವಿಚಾರಣೆ ನಡೆಯುವಾಗ ಒಬ್ಬ ಕಕ್ಷಿದಾರನಿಗೆ ಮೂರಕ್ಕಿಂತ ಹೆಚ್ಚು ಮುಂದೂಡಿಕೆ ಕೊಡಬಾರದು ಎನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆ. ಕೋರ್ಟಿನ ಮೆಟ್ಟಿಲು ಹತ್ತಿದವರು ಇದನ್ನು ಓದಿ ನಕ್ಕರೆ ತಪ್ಪಿಲ್ಲ.

ಅಸಲು ಪರೀಕ್ಷೆ ಶುರುವಾಗುವುದು ತೀರ್ಪಿನ ನಂತರ. ಸೋತವನು ತಾನಾಗಿ ಬಿಟ್ಟುಕೊಡದಿದ್ದರೆ ಗೆದ್ದವನು ಅಮಲ್ಜಾರಿ ಅರ್ಜಿ ಹಾಕಬೇಕು. ಅದಕ್ಕೆ ಬೇರೆ ನಂಬರು, ಬೇರೆ ವಾಯಿದೆಗಳು. ಡಿಕ್ರಿಗೆ ಎರಡು ವರ್ಷ ದಾಟಿದ್ದರೆ ಎದುರಾಳಿಗೆ ಮತ್ತೆ ನೋಟಿಸು. ಕೊನೆಗೆ ಕೋರ್ಟಿನ ಅಮೀನರು ವಾರಂಟ್ ಹಿಡಿದು ಸ್ಥಳಕ್ಕೆ ಹೋದರೆ ಚಕ್ಕುಬಂದಿಯೇ ತಾಳೆಯಾಗುವುದಿಲ್ಲ. ಇಲ್ಲವೇ ಹೆಸರೇ ಕೇಳದ ಮೂರನೆಯವನೊಬ್ಬ ಜಾಗ ತನ್ನದೆಂದು ಅಡ್ಡ ನಿಲ್ಲುತ್ತಾನೆ. ಅವನ ಹಕ್ಕನ್ನು ಅದೇ ಕೋರ್ಟ್ ವಿಚಾರಿಸಬೇಕು, ಆ ಆದೇಶದ ಮೇಲೂ ಮೇಲ್ಮನವಿ ಹೋಗಬಹುದು. ದಾವೆಯೊಳಗೆ ಇನ್ನೊಂದು ದಾವೆ! ಭಾರತದ ಕಕ್ಷಿದಾರನ ಕಷ್ಟ ಡಿಕ್ರಿ ಸಿಕ್ಕ ಮೇಲೆ ಶುರುವಾಗುತ್ತದೆಂದು ಬ್ರಿಟಿಷರ ಕಾಲದ ಅಂತಿಮ ಮೇಲ್ಮನವಿ ಪೀಠವಾದ ಪ್ರಿವಿ ಕೌನ್ಸಿಲ್ 19ನೇ ಶತಮಾನದಲ್ಲೇ ಹೇಳಿತ್ತು.

ಈ ಗಂಟನ್ನು ಕೊನೆಯಲ್ಲಿ ಬಿಚ್ಚಲು ಹೊರಡುವುದೇ ತಪ್ಪು. ಜಾಗದಲ್ಲಿ ಬೇರೆ ಯಾರಿಗಾದರೂ ಹಕ್ಕಿದೆಯೇ ಎಂದು ಕೋರ್ಟ್ ಆರಂಭದಲ್ಲೇ ಕಕ್ಷಿದಾರರನ್ನು ಕೇಳಬೇಕು, ಸಂಬಂಧಪಟ್ಟವರನ್ನೆಲ್ಲ ದಾವೆಗೆ ಸೇರಿಸಬೇಕು, ಅಗತ್ಯವಿದ್ದರೆ ಕಮಿಷನರ್ ಮೂಲಕ ಆಸ್ತಿಯ ವಿವರ ತರಿಸಬೇಕು, ಡಿಕ್ರಿಯಲ್ಲಿ ಗೊಂದಲ ಇರಬಾರದು. ಇವೂ 2021ರ ತೀರ್ಪಿನಲ್ಲೇ ಇವೆ. ವಕೀಲರು ಮೊದಲ ವಾಯಿದೆಯಲ್ಲೇ ಇವನ್ನು ಕೇಳಬೇಕು. ಕಕ್ಷಿದಾರರು ತಮ್ಮ ವಕೀಲರನ್ನು ಕೇಳಬೇಕು.

ಪಾಲಿನ ದಾವೆಯ ಗೋಳು ಇನ್ನೂ ದೊಡ್ಡದು. ಪ್ರಾಥಮಿಕ ಡಿಕ್ರಿ ಯಾರಿಗೆ ಎಷ್ಟು ಪಾಲು ಎಂದಷ್ಟೇ ಹೇಳುತ್ತದೆ. ಅಳೆದು ಹಂಚಲು ಅಂತಿಮ ಡಿಕ್ರಿ ಬೇಕು. ಅದಕ್ಕೆ ಪ್ರತ್ಯೇಕ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವುದು ರೂಢಿಯಾಗಿತ್ತು. ಅರ್ಜಿಗೆ ಕಾಯದೆ ಕೋರ್ಟೇ ಮುಂದುವರಿಯಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ. ತವರಿನ ಪಾಲಿಗಾಗಿ ಅಲೆಯುವ ಹೆಣ್ಣುಮಕ್ಕಳು ಇದನ್ನು ಮುಖ್ಯವಾಗಿ ತಿಳಿದಿರಬೇಕು. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ.

ಆರು ತಿಂಗಳ ಗಡುವು ಏನಾಯಿತು? 2025ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಹೈಕೋರ್ಟುಗಳಿಂದ ಲೆಕ್ಕ ಕೇಳಿತು. ಅಕ್ಟೋಬರ್ ಹೊತ್ತಿಗೆ ದೇಶದಲ್ಲಿ ಬಾಕಿ ಕಂಡ ಅಮಲ್ಜಾರಿ ಅರ್ಜಿಗಳು 8.82 ಲಕ್ಷ. ಆ ಲೆಕ್ಕದಲ್ಲಿ ಕರ್ನಾಟಕದ ಅಂಕಿಯೇ ಇರಲಿಲ್ಲ.

ಆದ್ದರಿಂದ ಬೇಡಿಕೆ ಇಷ್ಟು: ರಾಜ್ಯದ ಪ್ರತಿ ಸಿವಿಲ್ ಕೋರ್ಟಿನಲ್ಲಿ ಎಷ್ಟು ಅಮಲ್ಜಾರಿ ಅರ್ಜಿ ಬಾಕಿ ಇವೆ, ಆರು ತಿಂಗಳು ದಾಟಿದವು ಎಷ್ಟು, ಅವುಗಳಲ್ಲಿ ಎಷ್ಟಕ್ಕೆ ಕಾರಣ ಬರೆದಿಡಲಾಗಿದೆ ಎಂಬುದನ್ನು ಹೈಕೋರ್ಟ್ ಮೂರು ತಿಂಗಳಿಗೊಮ್ಮೆ ತಾಲ್ಲೂಕುವಾರು ಪ್ರಕಟಿಸಬೇಕು, ಕನ್ನಡದಲ್ಲಿ.