ಆಯ್ಕೆ ಮತ್ತು ಪರಿಸ್ಥಿತಿ: ಸ್ತ್ರೀಸ್ವಾತಂತ್ರ್ಯದ ಎರಡು ನೋಟಗಳು

ಕನ್ನಡ ವಿಮರ್ಶೆಯಲ್ಲಿ ಅಸ್ತಿತ್ವವಾದ ಎಂದೊಡನೆ ನವ್ಯದ ಕಾದಂಬರಿಗಳು ನೆನಪಾಗುತ್ತವೆ. ಸ್ತ್ರೀವಾದ ಎಂದೊಡನೆ ನವ್ಯದ ನಂತರದ ಲೇಖಕಿಯರ ಬರಹ ಮುಂದೆ ಬರುತ್ತದೆ. ಪಠ್ಯಕ್ರಮಗಳಲ್ಲಿ ಇವೆರಡೂ ಬೇರೆ ಬೇರೆ ಅಧ್ಯಾಯಗಳು. ಈ ವಿಭಜನೆಯಿಂದ ಒಂದು ಮೂಲಭೂತ ಪ್ರಶ್ನೆ ಎರಡರ ನಡುವೆ ಬಿದ್ದುಹೋಗಿದೆ: ಮನುಷ್ಯ ಸ್ವತಂತ್ರನೆಂದಾಗ, ಆ 'ಮನುಷ್ಯ'ನಲ್ಲಿ ಹೆಣ್ಣು ಸೇರಿದ್ದಾಳೆಯೇ?

ಈ ಪ್ರಶ್ನೆ ಅಸ್ತಿತ್ವವಾದದ ಒಳಗಿನಿಂದಲೇ ಹುಟ್ಟಿತೆಂಬುದು ಗಮನಾರ್ಹ. 1943ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ಸಾರ್ತ್ರ್, ಯಾವ ಪರಿಸ್ಥಿತಿಯಲ್ಲಿದ್ದರೂ ಮನುಷ್ಯನ ಸ್ವಾತಂತ್ರ್ಯಕ್ಕೆ ಕುಂದಿಲ್ಲವೆಂದು ವಾದಿಸಿದ. ಸಿಮೋನ್ ದ ಬೋವಾ ಅದನ್ನು ಹಾಗೆಯೇ ಒಪ್ಪಲಿಲ್ಲ. ಅಂತಃಪುರದಲ್ಲಿ ಕೂಡಿಹಾಕಲ್ಪಟ್ಟ ಹೆಣ್ಣಿಗೆ ತನ್ನನ್ನು ತಾನು ಮೀರುವ ಅವಕಾಶ ಎಷ್ಟರಮಟ್ಟಿಗಿದೆ ಎಂದು ಆಕೆ ಅವನನ್ನು ಕೇಳಿದ್ದನ್ನು ತನ್ನ ಆತ್ಮಕಥನದಲ್ಲಿ ದಾಖಲಿಸಿದ್ದಾಳೆ. 1949ರ 'ದ ಸೆಕೆಂಡ್ ಸೆಕ್ಸ್' ಆ ಪ್ರಶ್ನೆಯ ವಿಸ್ತಾರವಾದ ಉತ್ತರ. ಗಂಡು ತನ್ನನ್ನು ಕೇಂದ್ರವಾಗಿರಿಸಿಕೊಂಡು ಹೆಣ್ಣನ್ನು 'ಅನ್ಯ'ಳನ್ನಾಗಿಸಿದ. ಹೆಣ್ಣುತನವೆಂಬುದು ಹುಟ್ಟಿನ ಗುಣವಲ್ಲ, ಕಟ್ಟಿಕೊಟ್ಟ ಸ್ಥಿತಿ ಎಂಬುದು ಅದರ ಸಾರ. ಎಚ್.ಎಸ್. ಶ್ರೀಮತಿಯವರ ಅನುವಾದದಿಂದ ಈ ಕೃತಿ ಕನ್ನಡದ ಚರ್ಚೆಗೂ ಒದಗಿದೆ.

ಈ ನೋಟದಿಂದ 1965ರ 'ಸಂಸ್ಕಾರ'ವನ್ನು ಓದಿದರೆ ಕಾದಂಬರಿ ಬೇರೆಯಾಗಿಯೇ ಕಾಣುತ್ತದೆ. ಪ್ರಾಣೇಶಾಚಾರ್ಯರ ತೊಳಲಾಟವನ್ನು ಅಸ್ತಿತ್ವವಾದಿ ಆಯ್ಕೆಯ ನಿದರ್ಶನವೆಂದು ತಲೆಮಾರುಗಳಿಂದ ವಿವರಿಸಲಾಗಿದೆ. ಆದರೆ ಅಗ್ರಹಾರದ ಸಮಸ್ಯೆಯನ್ನು ಬಗೆಹರಿಸುವವಳು ಚಂದ್ರಿ. ನಾರಣಪ್ಪನ ಶವ ಕೊಳೆಯುತ್ತಿರುವಾಗ, ಪಂಡಿತರು ಶಾಸ್ತ್ರ ಹುಡುಕುತ್ತಿರುವಾಗ, ಆಕೆ ಅಹ್ಮದ್ ಬ್ಯಾರಿಯ ನೆರವಿನಿಂದ ರಾತ್ರೋರಾತ್ರಿ ಶವ ಸುಡಿಸಿ ಊರು ಬಿಡುತ್ತಾಳೆ. ಆಯ್ಕೆ ಅವಳದು, ಕೃತಿಯೂ ಅವಳದೇ. ಆದರೂ ಒಳತೋಟಿಯ ಘನತೆ ದೊರೆಯುವುದು ಆಚಾರ್ಯರಿಗೆ. ರೋಗಿಷ್ಠೆ ಭಾಗೀರಥಿ ಅವರ ಪುಣ್ಯಸಂಚಯಕ್ಕೆ, ಚಂದ್ರಿ ಅವರ ಆತ್ಮಶೋಧನೆಗೆ ನಿಮಿತ್ತ ಮಾತ್ರ. ಇದರಿಂದ ಕಾದಂಬರಿಯ ಕಲೆಗಾರಿಕೆ ಕುಗ್ಗುವುದಿಲ್ಲ. ಆದರೆ ನವ್ಯದ 'ವ್ಯಕ್ತಿ' ಲಿಂಗಾತೀತನೆಂಬ ನಂಬಿಕೆ ಉಳಿಯುವುದಿಲ್ಲ.

ಹಾಗೆಂದು ಹೆಣ್ಣನ್ನು ಕೇವಲ ಬಲಿಪಶುವಾಗಿ ಕಾಣುವುದೂ ಸರಿಯಲ್ಲ. ಬಂಧನವನ್ನೇ ಭೂಷಣವೆಂದು ಒಪ್ಪಿಕೊಳ್ಳುವ ಆತ್ಮವಂಚನೆಯ ಬಗೆಗೂ ಬೋವಾ ನಿರ್ದಾಕ್ಷಿಣ್ಯವಾಗಿ ಬರೆದಳು. ಚಿಕ್ಕದೇವರಾಜನ ಆಸ್ಥಾನದಲ್ಲಿದ್ದ ಸಂಚಿಯ ಹೊನ್ನಮ್ಮನ 'ಹದಿಬದೆಯ ಧರ್ಮ' ಇಲ್ಲಿ ನೆನಪಿಗೆ ಬರುತ್ತದೆ. ಪತಿಸೇವೆಯನ್ನು ಪರಮಧರ್ಮವೆಂದು ಬೋಧಿಸುವ ಆ ಸಾಂಗತ್ಯದಲ್ಲಿಯೇ, ಹೆತ್ತು ಹೊತ್ತು ಸಲಹಿದವಳು ಹೆಣ್ಣಾಗಿರುವಾಗ ಹೆಣ್ಣನ್ನು ಹಳಿಯುವುದೇಕೆಂಬ ಪ್ರಶ್ನೆಯೂ ಇದೆ. ಅದನ್ನು ಶುದ್ಧ ಪ್ರತಿರೋಧವೆಂದು ಕೊಂಡಾಡುವುದು ಎಷ್ಟು ಅವಸರವೋ, ಶುದ್ಧ ಶರಣಾಗತಿಯೆಂದು ತಳ್ಳಿಹಾಕುವುದೂ ಅಷ್ಟೇ ಅವಸರ. ಕೊಟ್ಟ ಚೌಕಟ್ಟಿನೊಳಗೆ ನಿಂತು ಒಂದು ಹೆಜ್ಜೆಯಷ್ಟು ಜಾಗವನ್ನು ಬಿಡಿಸಿಕೊಂಡ ಕವಯಿತ್ರಿ ಆಕೆ.

ಈ ಎರಡು ದೃಷ್ಟಿಗಳೂ ಸಹಜವಾಗಿ ಕೂಡಿಬಂದ ಬರಹ ಮೈಸೂರಿನ ತ್ರಿವೇಣಿಯವರದು. 1928ರಲ್ಲಿ ಹುಟ್ಟಿ, 1963ರಲ್ಲಿ, 35 ತುಂಬುವ ಮೊದಲೇ ತೀರಿಕೊಂಡ ಅವರು ಮನೋವಿಜ್ಞಾನವನ್ನು ಅಭ್ಯಾಸ ಮಾಡಿದ್ದವರು. 'ಶರಪಂಜರ'ದ ಕಾವೇರಿ ಬಾಣಂತನದ ನಂತರ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಳ್ಳುತ್ತಾಳೆ, ಚಿಕಿತ್ಸೆಯಿಂದ ಗುಣಹೊಂದಿ ಮನೆಗೆ ಮರಳುತ್ತಾಳೆ. ಗುಣವಾಗದೆ ಉಳಿದದ್ದು ಮನೆಯವರ, ನೆರೆಹೊರೆಯವರ ನೋಟ. ಅವಳ ನಗು, ಕೋಪ, ಮೌನ ಎಲ್ಲವೂ ಹುಚ್ಚಿನ ಕುರುಹಾಗಿಯೇ ಕಾಣುತ್ತವೆ. ಪರರ ನೋಟ ವ್ಯಕ್ತಿಯನ್ನು ವಸ್ತುವಾಗಿ ಹೆಪ್ಪುಗಟ್ಟಿಸುತ್ತದೆಂದು ಸಾರ್ತ್ರ್ ತತ್ತ್ವದ ಭಾಷೆಯಲ್ಲಿ ಹೇಳಿದ್ದು ಇಲ್ಲಿ ಅಡುಗೆಮನೆ, ನಡುಮನೆಗಳಲ್ಲಿ ನಡೆಯುತ್ತದೆ. ಆದರೆ ತ್ರಿವೇಣಿ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ: ಈ ನೋಟ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಗಂಡನ ತಪ್ಪು ಮರೆತುಹೋಗುತ್ತದೆ, ಹೆಂಡತಿಯ ಕಾಯಿಲೆ ಚರಿತ್ರೆಯಾಗಿ ಉಳಿಯುತ್ತದೆ. ಇಂಥ ಲೇಖಕಿಯನ್ನು 'ಜನಪ್ರಿಯ' ಎಂಬ ಪಟ್ಟಿ ಹಚ್ಚಿ ಗಂಭೀರ ಚರ್ಚೆಯಿಂದ ಬದಿಗಿರಿಸಿದ್ದು ನವ್ಯ ವಿಮರ್ಶೆಯ ಲೋಪವೇ ಸರಿ.

ಆದರೂ ಇವೆಲ್ಲ ಬಹುತೇಕ ಅಕ್ಷರಸ್ಥ, ಮಧ್ಯಮವರ್ಗದ ಮನೆಗಳ ಮಾತು. ಹೆಗ್ಗಡದೇವನಕೋಟೆಯ ಎನ್. ಬೇಗೂರಿನಂಥ ಕಾಡಂಚಿನ ಊರಿನಲ್ಲಿ ನಿಂತು ನೋಡಿದರೆ ಪ್ರಶ್ನೆ ಮತ್ತೆ ತಿರುಗುತ್ತದೆ. ಕಬಿನಿ ಜಲಾಶಯಕ್ಕೂ ವನ್ಯಜೀವಿ ಸಂರಕ್ಷಣೆಗೂ ನೆಲೆ ಕಳೆದುಕೊಂಡ ಆದಿವಾಸಿ ಕುಟುಂಬಗಳು ಈ ತಾಲ್ಲೂಕಿನಲ್ಲಿವೆ. ಹಾಡಿಗಳ ಹೆಂಗಸರು ಕೊಡಗಿನ ಕಾಫಿತೋಟಗಳಿಗೆ ಕೂಲಿಗೆ ಹೋಗುತ್ತಾರೆ. ಹೊಸ್ತಿಲು ದಾಟುವುದು ಇಲ್ಲಿ ವಿಮೋಚನೆಯ ರೂಪಕವಲ್ಲ, ಹೊಟ್ಟೆಪಾಡು. 2006ರ ಅರಣ್ಯ ಹಕ್ಕು ಕಾಯ್ದೆ, ವಿವಾಹಿತರಿದ್ದಲ್ಲಿ ಭೂಮಿಯ ಹಕ್ಕು ಗಂಡಹೆಂಡಿರಿಬ್ಬರ ಹೆಸರಿನಲ್ಲೂ ಜಂಟಿಯಾಗಿ ದಾಖಲಾಗಬೇಕೆಂದು ವಿಧಿಸಿತು. ತಾತ್ತ್ವಿಕ ಗ್ರಂಥಗಳ ಎದುರು ಇದು ಒಣ ಕಾನೂನಿನ ಒಂದು ವಾಕ್ಯ. ಆದರೆ 'ಪರಿಸ್ಥಿತಿ'ಯನ್ನು ಬದಲಿಸದೆ 'ಆಯ್ಕೆ'ಯ ಮಾತಾಡುವುದು ಬರಿಮಾತೆಂಬ ಬೋವಾಳ ಒಳನೋಟ ಆ ವಾಕ್ಯದಲ್ಲಿ ಕೆಲಸಮಾಡಿದೆ.

ಹೊಣೆಯಿಲ್ಲದೆ ಸ್ವಾತಂತ್ರ್ಯವಿಲ್ಲವೆಂದು ಅಸ್ತಿತ್ವವಾದ ಹೇಳುತ್ತದೆ. ಹೊಣೆ ಹೊರಿಸುವ ಮುನ್ನ ಕಾಲೂರಲು ನೆಲ ಕೊಡಬೇಕೆಂದು ಸ್ತ್ರೀವಾದ ಹೇಳುತ್ತದೆ. ಮೊದಲನೆಯದಷ್ಟನ್ನೇ ಹಿಡಿದರೆ ನೊಂದವಳ ಮೇಲೆಯೇ ತಪ್ಪು ಹೊರಿಸಿದಂತಾಗುತ್ತದೆ. ಎರಡನೆಯದಷ್ಟನ್ನೇ ಹಿಡಿದರೆ ಅವಳ ಕರ್ತೃತ್ವವನ್ನು ಅಳಿಸಿದಂತಾಗುತ್ತದೆ. ಚಂದ್ರಿಯನ್ನೂ ಕಾವೇರಿಯನ್ನೂ ಒಂದೇ ತರಗತಿಯಲ್ಲಿ, ಒಂದೇ ಪ್ರಶ್ನೆಯ ಕೆಳಗೆ ಓದಿಸುವ ಪಠ್ಯಕ್ರಮ ಬಂದಾಗ ಈ ಎರಡೂ ಅಪಾಯಗಳು ವಿದ್ಯಾರ್ಥಿಗೆ ತಾವಾಗಿಯೇ ಗೋಚರವಾಗುತ್ತವೆ.